ಸೂರ್ಯ ಚೌಕಟ್ಟಿನೊಳಗೇ ಇರಬೇಕು: ಒಂಟಿ ಫ್ರೇಮ್, ಬ್ರಾಕೆಟಿಂಗ್, ಫಿಲ್ಟರ್ ಹೋಲಿಕೆ

ಮುಳುಗುವ ಸೂರ್ಯನನ್ನೇ ಚಿತ್ರದೊಳಗೆ ಕೂರಿಸಲು ಹೊರಟರೆ ಪೇಚು ಒಂದೇ. ಆಕಾಶಕ್ಕೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಕ್ಕೆ ಬಿಡುವ ಬೆಳಕಿನ ಅಳತೆ) ಹಿಡಿದರೆ ಬಂಡೆ, ಮರ, ಏರಿ ಎಲ್ಲ ಮಸಿ. ನೆಲಕ್ಕೆ ಹಿಡಿದರೆ ಆಕಾಶ ಸುಣ್ಣ ಬಳಿದ ಗೋಡೆ. ಇದಕ್ಕೆ ಮೂರು ದಾರಿಗಳಿವೆ: ಒಂದೇ ರಾ ಫ್ರೇಮ್ (ಸೆನ್ಸರ್ ಹಿಡಿದದ್ದೆಲ್ಲ ಉಳಿಯುವ, ಸಂಸ್ಕರಿಸದ ಫೈಲ್) ತೆಗೆದು ನೆರಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಎತ್ತುವುದು, ಅಂದರೆ ಬೆಳಗಿಸುವುದು, ಬೇರೆ ಬೇರೆ ಬೆಳಕಿನ ಫ್ರೇಮ್‌ಗಳನ್ನು ತೆಗೆದು ಕೂಡಿಸುವುದು (ಬ್ರಾಕೆಟಿಂಗ್), ಲೆನ್ಸ್ ಮುಂದೆ ಅರ್ಧ ಕಪ್ಪಿನ ಗ್ರಾಜುಯೇಟೆಡ್ ಫಿಲ್ಟರ್ ಹಿಡಿಯುವುದು. ತುಮಕೂರಿನ ದೇವರಾಯನದುರ್ಗ, ಚಿಕ್ಕಬಳ್ಳಾಪುರದ ಕಂದವಾರ ಕೆರೆ, ಕೋಲಾರದ ಅಂತರಗಂಗೆ, ಮೂರೂ ಕಡೆ ಮೂರನ್ನೂ ಹಿಡಿದು ನೋಡಿದ್ದೇವೆ. ಎಲ್ಲ ಕಡೆ ಗೆಲ್ಲುವ ದಾರಿ ಯಾವುದೂ ಇಲ್ಲ.

ಮೊದಲು ಹೊತ್ತಿನ ಲೆಕ್ಕ. ನಮ್ಮ ಮೂರೂ ಜಿಲ್ಲೆಗಳು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ದಿಗಂತದಿಂದ 5 ಡಿಗ್ರಿ ಮೇಲಿರುವಾಗಿನಿಂದ ಮುಳುಗುವವರೆಗೆ ಸುಮಾರು 20 ನಿಮಿಷ. ಅಂಚು ತಾಗಿದ ಮೇಲೆ ಪೂರ್ತಿ ಮರೆಯಾಗಲು 2 ನಿಮಿಷದ ಮೇಲೆ ಸ್ವಲ್ಪವೇ. ಫಿಲ್ಟರ್ ಹೋಲ್ಡರ್ ಹುಡುಕುತ್ತಾ ಕೂತರೆ ಆಟ ಮುಗಿದಿರುತ್ತದೆ. ಜಾಗವೂ ತಿಂಗಳಿಗೊಂದು: ಜೂನ್ ಕೊನೆಯಲ್ಲಿ ನೇರ ಪಶ್ಚಿಮದಿಂದ 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್ ಕೊನೆಯಲ್ಲಿ ಅಷ್ಟೇ ದಕ್ಷಿಣಕ್ಕೆ. ಬೇಸಿಗೆಯಲ್ಲಿ ಗೋಪುರದ ಪಕ್ಕ ಸಿಕ್ಕಿದ ಸೂರ್ಯ ಚಳಿಗಾಲದಲ್ಲಿ ಅಲ್ಲಿ ಸಿಗುವುದಿಲ್ಲ.

ದೇವರಾಯನದುರ್ಗದಂಥ ಬೆಟ್ಟದಲ್ಲಿ ನಮ್ಮ ಮತ ಒಂಟಿ ರಾ ಫ್ರೇಮಿಗೆ. ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ) ಎಫ್/11, ಶಟರ್ 1/250 ಸೆಕೆಂಡಿನಿಂದ ಶುರು ಮಾಡಿ, ಸೂರ್ಯನ ಬಿಂಬವಷ್ಟೇ ಸುಟ್ಟು ಸುತ್ತಲಿನ ಬಣ್ಣ ಉಳಿಯುವವರೆಗೆ ಶಟರ್ ವೇಗ ಏರಿಸುತ್ತಾ ಹೋಗಿ. ಇಲ್ಲಿ ಬಹಳ ಜನ ಎಡವುವುದು ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ವಿಷಯದಲ್ಲಿ. ಬಿಳಿ ಗೆರೆಯ ಒಟ್ಟು ಹಿಸ್ಟೋಗ್ರಾಮ್ ನೋಡಿದರೆ ಸಾಲದು, ಕೆಂಪು, ಹಸಿರು, ನೀಲಿ ಬೇರೆಬೇರೆಯಾಗಿ ತೋರಿಸುವುದನ್ನು ನೋಡಬೇಕು. ಸಂಜೆ ಮೊದಲು ತುಂಬುವುದು ಕೆಂಪು. ಅದು ತುಂಬಿ ನಿಂತಮೇಲೂ ಹಸಿರು ಏರುತ್ತಲೇ ಇರುವುದರಿಂದ ಕಿತ್ತಳೆ ಇರಬೇಕಾದ ಕಡೆ ಮೊಟ್ಟೆಯ ಹಳದಿ ಬರುತ್ತದೆ. ಆ ಹಳದಿಯನ್ನು ಮನೆಗೆ ಬಂದು ಕಿತ್ತಳೆ ಮಾಡಲು ಹೋದರೆ ಬಣ್ಣ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಆಟೋದಲ್ಲಿ ಬೇಡ, ಡೇಲೈಟ್‌ನಲ್ಲಿರಲಿ. ಆಟೋ ಈ ಕೆಂಪನ್ನೇ ದೋಷ ಎಂದುಕೊಂಡು ತಣ್ಣಗೆ ಮಾಡುತ್ತದೆ. ಐಎಸ್‌ಒ 100ರಲ್ಲಿ ತೆಗೆದ ಫೈಲಿನ ನೆರಳನ್ನು ಈಚಿನ ಕ್ಯಾಮೆರಾಗಳಲ್ಲಿ 3 ಸ್ಟಾಪ್‌ವರೆಗೆ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು ಅಥವಾ ಅರ್ಧ) ಎತ್ತಬಹುದು. ಅದಕ್ಕಿಂತ ಮೇಲೆ ಬಂಡೆಯ ಮೇಲೆ ನೇರಳೆ ಚುಕ್ಕೆಗಳು ಏಳುತ್ತವೆ.

ಅದೇ ಬೆಟ್ಟದಲ್ಲಿ ಬ್ರಾಕೆಟಿಂಗ್ ಏಕೆ ಸೋತಿತು? ಗಾಳಿ. ಹುಲ್ಲು, ಗಿಡದ ಎಲೆ ಮೂರು ಫ್ರೇಮಿನಲ್ಲಿ ಮೂರು ಕಡೆ. ಅದಕ್ಕಿಂತ ದೊಡ್ಡ ತೊಂದರೆ ಫ್ಲೇರ್‌ನದು, ಅಂದರೆ ಲೆನ್ಸಿನೊಳಗೆ ಚದುರುವ ಸೂರ್ಯನ ಬೆಳಕಿನದು. ಮೈನಸ್ 2, 0, ಪ್ಲಸ್ 2 ಸ್ಟಾಪ್ ಎಂದು ತೆಗೆದಾಗ ನೆಲವನ್ನು ಪ್ಲಸ್ 2 ಫ್ರೇಮಿನಿಂದ ತೆಗೆದುಕೊಳ್ಳುತ್ತೇವಲ್ಲ, ಫ್ಲೇರ್‌ನ ಹಸಿರು ಬೊಟ್ಟುಗಳು ಢಾಳಾಗಿ ಬೀಳುವುದೂ ಅದೇ ಫ್ರೇಮಿನಲ್ಲಿ, ಅದೇ ಕಪ್ಪು ನೆಲದ ಮೇಲೆ. ಒಂದು ಉಪಾಯವಿದೆ: ಟ್ರೈಪಾಡ್ ಅಲುಗಿಸದೆ ಪ್ಲಸ್ 2 ಫ್ರೇಮ್ ಇನ್ನೊಮ್ಮೆ ತೆಗೆಯಿರಿ, ಈ ಸಲ ಚಾಚಿದ ಹೆಬ್ಬೆರಳಿನಿಂದ ಸೂರ್ಯನನ್ನು ಮುಚ್ಚಿ. ನೆಲ ಈ ಫ್ರೇಮಿನಿಂದ, ಆಕಾಶ ಮೈನಸ್ 2ರಿಂದ; ನಡುವಿನ ಗಡಿಯನ್ನು ಮೆತ್ತನೆಯ ಬ್ರಷ್‌ನಿಂದ ಕೈಯಲ್ಲೇ ಬೆಸೆಯಿರಿ. ಸಾಫ್ಟ್‌ವೇರಿನ ಎಚ್‌ಡಿಆರ್‌ಗೆ (ಫ್ರೇಮ್‌ಗಳನ್ನು ತಾನೇ ಕೂಡಿಸುವ ಸೌಲಭ್ಯ) ಬಿಟ್ಟರೆ, ಅತಿ ಕಪ್ಪು ಫ್ರೇಮಿನಲ್ಲೂ ಬಿಂಬ ಸುಟ್ಟಿದ್ದಾಗ, ಸೂರ್ಯ ಬೂದು ಬಣ್ಣದ ಬಿಲ್ಲೆಯಾಗಿ ಸುತ್ತ ಉಂಗುರ ಕಟ್ಟುತ್ತದೆ. ಗಾಳಿಯಿಲ್ಲದ ಸಂಜೆ, ಮುಂದೆ ಕಲ್ಲುಮಂಟಪವೋ ಗುಡಿಯೋ ಇದ್ದರೆ ಮಾತ್ರ ಇಷ್ಟು ಶ್ರಮ ಸಾರ್ಥಕ.

ಕೆರೆಯ ಬಳಿ ಲೆಕ್ಕ ತಿರುಗುಮುರುಗು. ಆಚೆ ದಡ ನೆಟ್ಟಗೆ ಗೆರೆ ಎಳೆದಂತಿರುವ ಕಡೆ ರಿವರ್ಸ್ ಗ್ರಾಜುಯೇಟೆಡ್ ಫಿಲ್ಟರ್ ಇಟ್ಟರೆ ಕಂಪ್ಯೂಟರಿನ ಕೆಲಸ ಬಹುಪಾಲು ಅಲ್ಲೇ ಮುಗಿಯುತ್ತದೆ. ಇದರ ಕಪ್ಪು ನಡುಗೆರೆಯಲ್ಲಿ ಗಾಢ, ಮೇಲಕ್ಕೆ ಹೋದಂತೆ ತೆಳು. ಸೂರ್ಯಾಸ್ತದ ಬೆಳಕು ಹರಡುವುದೂ ಹಾಗೆಯೇ. ನಮ್ಮ ಆಯ್ಕೆ 2 ಸ್ಟಾಪ್‌ನದು, ಅಂದರೆ ಫಿಲ್ಟರಿನ ಮೇಲೆ 0.6 ಎಂದು ಬರೆದಿರುವುದು. ನೀರಿನ ಪ್ರತಿಬಿಂಬ ಆಕಾಶಕ್ಕಿಂತ ಒಂದೆರಡು ಸ್ಟಾಪ್ ಮಾತ್ರ ಮಂಕಾಗಿರುವುದರಿಂದ 3 ಸ್ಟಾಪ್ ಹಾಕಿದರೆ ನೀರು ಆಕಾಶಕ್ಕಿಂತ ಬೆಳ್ಳಗಾಗುತ್ತದೆ, ಕಣ್ಣಿಗೆ ಸುಳ್ಳೆನಿಸುತ್ತದೆ. ಫಿಲ್ಟರ್ ಗೆರೆ ಎಲ್ಲಿ ಕೂತಿದೆ ಎಂದು ತಿಳಿಯಲು ಅಪರ್ಚರನ್ನು ಎಫ್/11ಕ್ಕೆ ಇಳಿಸಿಯೇ ಲೈವ್ ವ್ಯೂನಲ್ಲಿ (ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ) ನೋಡಿ. ಅಪರ್ಚರ್ ಪೂರ್ತಿ ತೆರೆದಿದ್ದಾಗ ಗೆರೆ ಮಸುಕಾಗಿ ಮೋಸ ಮಾಡುತ್ತದೆ. ಬೆಟ್ಟದಲ್ಲಿ ಇದೇ ಫಿಲ್ಟರ್ ಬಂಡೆಯ ನೆತ್ತಿ, ಗೋಪುರದ ತುದಿಯನ್ನೂ ಕಪ್ಪಾಗಿಸಿತು, ಅಲ್ಲಿಗೆ ಒಯ್ಯುವುದು ವ್ಯರ್ಥ.

ಫಿಲ್ಟರಿನ ದೋಷವೂ ಸಣ್ಣದಲ್ಲ. ಗಾಜು ಹೆಚ್ಚಿದಷ್ಟೂ ಸೂರ್ಯನ ತಲೆಕೆಳಗಾದ ಪುಟ್ಟ ನೆರಳುಬಿಂಬ ಚಿತ್ರದ ಎದುರು ಮೂಲೆಯಲ್ಲಿ ಮೂಡುತ್ತದೆ. ಲೆನ್ಸಿಗೆ ಕಾಯಂ ಕೂರಿಸಿರುವ ಯುವಿ ಫಿಲ್ಟರನ್ನು ಮೊದಲು ಕಳಚಿ. ಒಂದು ಬೆರಳಚ್ಚು, ಒಂದು ಧೂಳಿನ ಕಣ ಸಾಕು, ಸೂರ್ಯನ ಬೆಳಕಿಗೆ ಅದು ಹೊಳೆಯುವ ಮಚ್ಚೆ. ಮೈಕ್ರೋಫೈಬರ್ ಬಟ್ಟೆ ಜೇಬಿನಲ್ಲೇ ಇರಲಿ. ಮೊಬೈಲಿಗೂ ಇದೇ ಮಾತು: ಲೆನ್ಸ್ ಒರೆಸಿ, ಸೂರ್ಯನ ಪಕ್ಕದ ಆಕಾಶವನ್ನು ಒತ್ತಿ ಹಿಡಿದು ಬೆಳಕಿನ ಗುರುತನ್ನು ಕೆಳಕ್ಕೆ ಎಳೆಯಿರಿ, ಜೂಮ್ ಮುಟ್ಟಬೇಡಿ.

ದೊಡ್ಡ ಕೆಂಪು ಬಿಂಬವೇ ಬೇಕೆಂದರೆ ಉದ್ದದ ಲೆನ್ಸ್. ಫೋಕಲ್ ಲೆಂತ್ ಅನ್ನು (ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಅಳತೆ) 109ರಿಂದ ಭಾಗಿಸಿದರೆ ಸೆನ್ಸರಿನ ಮೇಲಿನ ಸೂರ್ಯನ ಅಗಲ ಸಿಗುತ್ತದೆ: 24 ಮಿ.ಮೀ.ಗೆ 0.2 ಮಿ.ಮೀ., 400ಕ್ಕೆ 3.7. ಬೇಸಿಗೆಯ ಧೂಳುಮುಸುಕಿನಲ್ಲಿ ಕೊನೆಯ ಕೆಲವು ನಿಮಿಷ ಬಿಂಬ ಮಂಕಾಗಿ, ಒಂಟಿ ಫ್ರೇಮಿನಲ್ಲೇ ಪೂರ್ತಿ ಬಣ್ಣ ಹಿಡಿಯುತ್ತದೆ. ಮಳೆ ತೊಳೆದ ಆಕಾಶದಲ್ಲಿ ದಿಗಂತದವರೆಗೂ ಕಣ್ಣು ಕುಕ್ಕುತ್ತದೆ. ಅಂದು ಬಿಂಬದ ಆಸೆ ಬಿಡಿ. ಉದ್ದದ ಲೆನ್ಸ್ ಹಾಕಿ ಆಪ್ಟಿಕಲ್ ವ್ಯೂಫೈಂಡರಿನಲ್ಲಿ ಎಂದೂ ಕಣ್ಣಿಡಬೇಡಿ, ಕಣ್ಣಿನ ಪರದೆ ಸುಡುತ್ತದೆ. ಲೈವ್ ವ್ಯೂ ಬಳಸಿ. ಕಾಯುವಾಗ ಲೆನ್ಸಿಗೆ ಮುಚ್ಚಳ ಹಾಕಿಡಿ.

ಕೋಲಾರದ ಕಥೆಯೇ ಬೇರೆ. ಊರಿನ ಪಡುವಣಕ್ಕೆ ಅಂತರಗಂಗೆಯಿರುವ ಶತಶೃಂಗ ಬೆಟ್ಟದ ಸಾಲು ನಿಂತಿರುವುದರಿಂದ ಊರ ಕಡೆಯಿಂದ ನೋಡಿದರೆ ಪಂಚಾಂಗದ ಹೊತ್ತಿಗಿಂತ ಮೊದಲೇ ಸೂರ್ಯ ಮರೆ. ಬೆಟ್ಟದ ಅಂಚು ಒಂದೊಂದು ಡಿಗ್ರಿ ಎತ್ತರವಿದ್ದಷ್ಟೂ 4 ನಿಮಿಷ ಕಳೆಯಿರಿ. ಆಗಿನ್ನೂ ಸೂರ್ಯ ಪ್ರಖರ, ಕೆಂಪಾಗಿರುವುದಿಲ್ಲ. ಇಲ್ಲಿ ಮೂರೂ ದಾರಿಗಿಂತ ಬಿಂಬದಿಂದ ಕಿರಣ ಚಿಮ್ಮುವ ನಕ್ಷತ್ರವೇ ಚೆಂದ: 16ರಿಂದ 24 ಮಿ.ಮೀ. ಲೆನ್ಸ್, ಎಫ್/16, ಬಿಂಬದ ಮುಕ್ಕಾಲು ಪಾಲು ಬಂಡೆಯ ಮರೆಗೆ. ಅಪರ್ಚರಿನಲ್ಲಿ 7 ಎಸಳಿದ್ದರೆ 14 ಕಿರಣ, 8 ಇದ್ದರೆ 8. ಸೂರ್ಯ ಇಳಿಯುತ್ತಾ ತುಸು ಬಲಕ್ಕೆ ಸರಿಯುತ್ತಾನೆ, ಚೌಕಟ್ಟಿನಲ್ಲಿ ಆ ಕಡೆ ಜಾಗ ಬಿಡಿ. ಬಂಡೆ ಹತ್ತಿರದ್ದಾದರೆ, ಸೂರ್ಯ ಮರೆಯಾದೊಡನೆ ಟ್ರೈಪಾಡ್ ಎತ್ತಿಕೊಂಡು ನಾಲ್ಕು ಹೆಜ್ಜೆ ಹಿಂದಕ್ಕೆ ಬನ್ನಿ. ಬಂಡೆಯ ಅಂಚು ತಗ್ಗಿ ಅದೇ ನಕ್ಷತ್ರ ಇನ್ನೊಮ್ಮೆ ಸಿಗುತ್ತದೆ.