ಈವ್ ಯೂಯಿಂಗ್ ಅವರ ಮೂರು ಪುಸ್ತಕ, ನಮ್ಮ ಮನೆಯ ಓದುಗರು

ಕಳೆದ ಚಳಿಗಾಲ ನಮ್ಮ ಮನೆಯಲ್ಲಿ ಮೂರು ಪುಸ್ತಕಗಳು ಕೈಯಿಂದ ಕೈಗೆ ಓಡಾಡಿದವು. ಒಂದು ಕವನ ಸಂಕಲನ, ಒಂದು ಕಾಮಿಕ್ಸ್, ಒಂದು ಮಕ್ಕಳ ಕಾದಂಬರಿ. ಮೂರನ್ನೂ ಬರೆದವರು ಒಬ್ಬರೇ, ಈವ್ ಯೂಯಿಂಗ್. ಶಿಕಾಗೋದಲ್ಲೇ ಹುಟ್ಟಿ ಬೆಳೆದ ಕಪ್ಪು ಲೇಖಕಿ. ಮೊದಲು ಇದೇ ಊರಿನ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು, ಈಗ ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದಾರೆ. ಸಮಾಜಶಾಸ್ತ್ರ ಅವರ ಓದು.

ನಾವು ಇರುವುದು ಶಿಕಾಗೋ ಹೊರವಲಯದಲ್ಲಿ. ಇಲ್ಲಿನ ಕನ್ನಡದ ಗೆಳತಿಯರು ನಾಲ್ಕು ಜನ ಸೇರಿ ತಿಂಗಳಿಗೊಮ್ಮೆ ಓದುತ್ತೇವೆ. "ಇವರನ್ನು ಓದಬೇಕು ಅಂದ್ರೆ ಯಾವುದರಿಂದ ಶುರು ಮಾಡೋದು?" ಅಂತ ಒಬ್ಬರು ಕೇಳಿದರು. ನನಗೂ ಗೊತ್ತಿರಲಿಲ್ಲ. ಸರಿ, ಮೂರನ್ನೂ ಲೈಬ್ರರಿಯಿಂದ ತಂದೆ. ಹತ್ತು ವರ್ಷದ ಮಗಳು, ಪಕ್ಕದ ಮನೆಯ ಹದಿನೈದರ ಹುಡುಗ, ಗೆಳತಿಯರು, ಊರಿನಿಂದ ಬಂದಿದ್ದ ಅಮ್ಮ, ಎಲ್ಲರ ಕೈಗೂ ಕೊಟ್ಟು ನೋಡಿದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಅವರಿಗೆ ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ.

ಮಕ್ಕಳ ಕಾದಂಬರಿ 'ಮಾಯಾ ಅಂಡ್ ದ ರೋಬಾಟ್' 2021ರದ್ದು. ಪ್ರಕಟಿಸಿದ ಸಂಸ್ಥೆಯ ಹೆಸರು ಕೋಕಿಲ, ನಮ್ಮ ಕೋಗಿಲೆಯೇ. ಮಾಯಾ ಐದನೇ ಕ್ಲಾಸಿನ ಹುಡುಗಿ, ನಾಚಿಕೆ ಸ್ವಭಾವ. ಆ ವರ್ಷ ಅವಳ ಇಬ್ಬರು ಜೀವದ ಗೆಳೆಯರು ಬೇರೆ ಸೆಕ್ಷನ್‌ಗೆ ಹೋಗುತ್ತಾರೆ. ಬೀದಿಯ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಅವಳಿಗೆ ಒಂದು ಹಳೆಯ ರೋಬಾಟ್ ಸಿಗುತ್ತದೆ. ಅದನ್ನು ರಿಪೇರಿ ಮಾಡಿ ಎಬ್ಬಿಸುತ್ತಾಳೆ. ನನ್ನ ಮಗಳು ಎರಡೇ ದಿನದಲ್ಲಿ ಮುಗಿಸಿದಳು. ಅವಳ ಗೆಳತಿಯೂ ಆ ವರ್ಷ ಬೇರೆ ಸೆಕ್ಷನ್‌ಗೆ ಹೋಗಿದ್ದಳು, ಹಾಗಾಗಿ ಮಾಯಾ ಅವಳಿಗೆ ತಕ್ಷಣ ಹತ್ತಿರವಾದಳು. "ಅಮ್ಮ, ಇವಳು ನನ್ನ ಥರಾನೇ" ಅಂದಳು. ಮಾಯಾಳ ಚರ್ಮದ ಬಣ್ಣದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನನಗೆ ಅದು ಒಳ್ಳೆಯದೇ ಅನ್ನಿಸಿತು. ಕಪ್ಪು ಹುಡುಗಿಯೊಬ್ಬಳು ಕಷ್ಟದ ಕಥೆ ಹೇಳುವುದಕ್ಕಾಗಿಯೇ ಪುಸ್ತಕದಲ್ಲಿ ಇರಬೇಕಿಲ್ಲ ಅಲ್ವಾ? ಸುಮ್ನೆ ಸ್ಕ್ರೂ ಡ್ರೈವರ್ ಹಿಡಿದು ಕೂತಿದ್ದರೂ ಸಾಕು. ಆದರೆ ನಮ್ಮ ಓದಿನ ಗುಂಪಿನಲ್ಲಿ ಈ ಪುಸ್ತಕದ ಮಾತು ಹತ್ತು ನಿಮಿಷಕ್ಕೆ ಮುಗಿಯಿತು. ಎಲ್ಲರೂ "ಚೆನ್ನಾಗಿದೆ" ಅಂದರು. ಅದಕ್ಕಿಂತ ಜಾಸ್ತಿ ಯಾರಿಗೂ ಹೇಳಲು ಏನೂ ಇರಲಿಲ್ಲ.

ಕಾಮಿಕ್ಸ್ 'ಐರನ್‌ಹಾರ್ಟ್'. ರೀರಿ ವಿಲಿಯಮ್ಸ್ ಎಂಬ ಶಿಕಾಗೋ ಹುಡುಗಿ ತಾನೇ ಲೋಹದ ಕವಚ ಕಟ್ಟಿಕೊಂಡು ಹಾರುತ್ತಾಳೆ. ಪಾತ್ರ ಯೂಯಿಂಗ್ ಅವರ ಸೃಷ್ಟಿಯಲ್ಲ, 2016ರಲ್ಲಿ ಬೇರೆಯವರು ಮಾಡಿದ್ದು. ಆದರೆ ಈ ಹುಡುಗಿಯ ಕಥೆಯನ್ನು ಯೂಯಿಂಗ್ ಅವರಿಂದಲೇ ಬರೆಸಿ ಅಂತ 2017ರಲ್ಲಿ ಓದುಗರೇ ಕಾಮಿಕ್ಸ್ ಪ್ರಕಟಿಸುವ ಮಾರ್ವೆಲ್ ಕಂಪನಿಗೆ ಮನವಿ ಹಾಕಿದರು. ಮರುವರ್ಷ ಅವರ ಸರಣಿ ಶುರುವಾಯಿತು, 12 ಸಂಚಿಕೆ ಬಂತು. ನಮ್ಮ ಹುಡುಗಿಯ ಕಥೆ ನಮ್ಮೂರಿನವರೇ ಬರೆಯಲಿ ಅಂತ ಓದುಗರು ಪಟ್ಟು ಹಿಡಿದದ್ದು ನನಗೆ ತುಂಬಾ ಇಷ್ಟವಾದ ವಿಷಯ.

ಆ ಸಂಚಿಕೆಗಳು ಎರಡು ಸಂಪುಟವಾಗಿ ಬಂದಿವೆ, ಪಕ್ಕದ ಮನೆಯ ಹುಡುಗ ಎರಡನ್ನೂ ಒಂದೇ ಸಂಜೆಗೆ ಓದಿ ಮುಗಿಸಿದ. ಅವನಿಗೆ ಎಲ್ಲ ಪಾತ್ರಗಳೂ ಮೊದಲೇ ಗೊತ್ತು. ನನಗೆ ಗೊತ್ತಿಲ್ಲ. ಈ ಪುಸ್ತಕದ ತೊಡಕೂ ಅದೇ. ನಾಲ್ಕು ಪುಟಕ್ಕೊಮ್ಮೆ "ಇದು ಯಾರಪ್ಪ?" ಅಂತ ಅವನನ್ನು ಕೇಳಬೇಕಾಯಿತು. ಗೆಳತಿಯರಲ್ಲಿ ಇಬ್ಬರು ಅರ್ಧಕ್ಕೇ ಬಿಟ್ಟರು. ಆದರೂ ಒಂದು ವಿಷಯ ನನ್ನನ್ನು ಬಿಡಲಿಲ್ಲ. ರೀರಿಯ ಗೆಳತಿ ನಾಟಲಿ ಗುಂಡೇಟಿಗೆ ಸತ್ತಿದ್ದಾಳೆ. ರೀರಿ ಕಟ್ಟಿದ ಯಂತ್ರ ಅದೇ ಗೆಳತಿಯ ರೂಪದಲ್ಲಿ, ಅದೇ ದನಿಯಲ್ಲಿ ಮಾತಾಡುತ್ತದೆ. ಹೊಡೆದಾಟದ ಪುಟಗಳನ್ನು ನಾನು ಬೇಗ ಬೇಗ ಮಗುಚಿದೆ, ಇವರಿಬ್ಬರು ಮಾತಾಡುವ ಪುಟಗಳಲ್ಲಿ ನಿಂತೆ.

ಕವನ ಸಂಕಲನವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಕಷ್ಟ ಆಗಬಹುದು ಅನ್ನುವ ಭಯ. ಅದರ ಹೆಸರೇ '1919', ಬಂದದ್ದು 2019ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ. 1919ರ ಜುಲೈ 27, ಭಾನುವಾರ. ಯೂಜೀನ್ ವಿಲಿಯಮ್ಸ್ ಎಂಬ 17 ವರ್ಷದ ಕಪ್ಪು ಹುಡುಗ ಮಿಶಿಗನ್ ಸರೋವರದಲ್ಲಿ ತೆಪ್ಪದ ಮೇಲೆ ಆಡುತ್ತಿದ್ದ. ತೆಪ್ಪ ತೇಲುತ್ತಾ 29ನೇ ಬೀದಿಯ ದಡದ ಕಡೆ ಹೋಯಿತು. ಅದು ಬಿಳಿಯರ ಜಾಗ. ನೀರಿನಲ್ಲಿ ಗೆರೆ ಇರಲಿಲ್ಲ, ಆದರೂ ಗೆರೆ ಇತ್ತು. ಬಿಳಿಯನೊಬ್ಬ ಕಲ್ಲು ಎಸೆದ. ಹುಡುಗ ಮುಳುಗಿ ಸತ್ತ. ಅಲ್ಲಿಂದ ಹೊತ್ತಿದ ಗಲಭೆ ವಾರವಿಡೀ ನಡೆದು 38 ಜನ ಸತ್ತರು, 23 ಕಪ್ಪು ಜನ, 15 ಬಿಳಿಯರು. ಸುಮಾರು ಸಾವಿರ ಕಪ್ಪು ಕುಟುಂಬಗಳು ಮನೆ ಕಳೆದುಕೊಂಡವು. ಇದರ ಬಗ್ಗೆ 1922ರಲ್ಲಿ ಒಂದು ದಪ್ಪ ವರದಿ ಬಂತು. ಯೂಯಿಂಗ್ ಆ ವರದಿಯ ಸಾಲುಗಳನ್ನು ಪುಟದ ಮೇಲೆ ಇಟ್ಟು, ಅದರ ಕೆಳಗೆ ತಮ್ಮ ಪದ್ಯ ಬರೆಯುತ್ತಾರೆ. ವರದಿಯಲ್ಲಿ ಲೆಕ್ಕವಾಗಿದ್ದವರು ಪದ್ಯದಲ್ಲಿ ಮನುಷ್ಯರಾಗುತ್ತಾರೆ.

ಒಂದು ಪದ್ಯ ಯೂಜೀನ್ ಬಗ್ಗೆ. ಅದು ಹುಡುಗಿಯರು ಹಗ್ಗ ಹಾರುತ್ತಾ ಹೇಳುವ ಹಾಡಿನ ಧಾಟಿಯಲ್ಲಿದೆ, ಸಾಲಿನ ಕೊನೆಯ ಪದ ಮೂರು ಮೂರು ಸಲ ಬರುತ್ತದೆ. ನಾನು ಜೋರಾಗಿ ಓದುತ್ತಿದ್ದೆ. ಮಗಳಿಗೆ ಲಯ ಸಿಕ್ಕಿತು, ಹಗ್ಗವಿಲ್ಲದೆ ಹಾರಲು ಶುರು ಮಾಡಿದಳು. ಅರ್ಧಕ್ಕೆ ನಿಂತಳು. "ಆ ಹುಡುಗ ಸತ್ತೋದ್ನಾ?" ಅಂದಳು. ಹೌದು ಅಂದೆ. ಯಾರು ಹೊಡೆದರು, ಪೊಲೀಸರು ಏನು ಮಾಡಿದರು, ನಾವು ಈಜಲು ಹೋಗುವುದೂ ಅದೇ ಸರೋವರವಾ? ಕಾದಂಬರಿ ಓದಿದಾಗ ಒಂದೂ ಪ್ರಶ್ನೆ ಕೇಳದಿದ್ದವಳು ಅವತ್ತು ಮಲಗುವವರೆಗೂ ಕೇಳುತ್ತಿದ್ದಳು.

ಗುಂಪಿನಲ್ಲಿ ಒಬ್ಬರಿಗೆ ಇದು ಸರಿ ಕಾಣಲಿಲ್ಲ. "ಮಕ್ಕಳಿಗೆ ಇಷ್ಟು ಚಿಕ್ಕ ವಯಸ್ಸಿಗೇ ಇದೆಲ್ಲಾ ಯಾಕೆ?" ಅಂದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಈ ಊರಿನ ಕಪ್ಪು ಮಕ್ಕಳಿಗೆ ಇದನ್ನು ತಿಳಿಯದೇ ಇರುವ ಆಯ್ಕೆ ಇಲ್ಲ. ಅವರ ಜೊತೆ ಒಂದೇ ಬೆಂಚಿನಲ್ಲಿ ಕೂರುವ ನಮ್ಮ ಮಕ್ಕಳಿಗೂ ತಿಳಿದಿರಲಿ ಅಂತ ನಾನು ಹೇಳಿದೆ. ಅವತ್ತು ಮಾತು ಎರಡು ಗಂಟೆ ನಡೆಯಿತು. ಊಟ ತಣ್ಣಗಾಯಿತು.

ನಾನು ಎಣಿಸದೇ ಇದ್ದದ್ದು ಅಮ್ಮನ ಮಾತು. ಸರೋವರದ ಗೆರೆಯ ಕಥೆ ಹೇಳಿದಾಗ ಅವರು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮೂರ ಕೆರೇಲೂ ಹಂಗೇ ಇತ್ತು ಕಣೆ. ಗೆರೆ ಯಾರೂ ಎಳೆದಿರ್ಲಿಲ್ಲ, ಎಲ್ಲಾರ್ಗೂ ಗೊತ್ತಿತ್ತು. ನಾವು ಮೆಟ್ಟಿಲಿರೋ ಕಡೆಯೋರು" ಅಂದರು. ಐವತ್ತು ವರ್ಷದಲ್ಲಿ ಅಮ್ಮ ಇದನ್ನು ನನ್ನ ಹತ್ತಿರ ಹೇಳಿದ್ದು ಇದೇ ಮೊದಲು.

ಪುಸ್ತಕದ ಇನ್ನೊಂದು ಪದ್ಯದಲ್ಲಿ ಎಮ್ಮೆಟ್ ಟಿಲ್ ಬರುತ್ತಾನೆ. ಶಿಕಾಗೋ ಹುಡುಗ. 1955ರಲ್ಲಿ ಮಿಸಿಸಿಪ್ಪಿಯ ನೆಂಟರ ಮನೆಗೆ ಹೋಗಿದ್ದಾಗ, ಬಿಳಿಯ ಹೆಂಗಸಿನ ಕಡೆ ಶಿಳ್ಳೆ ಹಾಕಿದ ಅಂತ ಹೇಳಿ ಅವನನ್ನು ಕೊಂದರು. ಆಗ ಅವನಿಗೆ 14 ವರ್ಷ. ಪದ್ಯದಲ್ಲಿ ಅವನು ಸತ್ತಿಲ್ಲ, ವಯಸ್ಸಾಗಿದೆ. ಅಂಗಡಿಯಲ್ಲಿ ನಿಂತು ಪ್ಲಮ್ ಹಣ್ಣನ್ನು ಒಂದೊಂದಾಗಿ ಎತ್ತಿ ನೋಡುತ್ತಾ, ಮೆಲ್ಲಗೆ ಶಿಳ್ಳೆ ಹಾಕುತ್ತಿದ್ದಾನೆ. ಹುಟ್ಟಿದ್ದು 1941ರಲ್ಲಿ ಅಂದೆ. "ನಮ್ಮ ದೊಡ್ಡಣ್ಣನ ವಯಸ್ಸಿನೋನು" ಅಂದರು ಅಮ್ಮ. ದೊಡ್ಡಮಾವ ಹಣ್ಣಿನಂಗಡಿಯಲ್ಲಿ ಒಂದೊಂದು ಹಣ್ಣನ್ನೂ ಹೀಗೇ ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಒಂದೇ ಪುಸ್ತಕ ಓದುವುದಾದರೆ '1919' ಓದಿ ಅಂತ ಗೆಳತಿಗೆ ಹೇಳಿದೆ. ಮನೆಯಲ್ಲಿ ಎಂಟೊಂಬತ್ತು ವರ್ಷದ ಮಗು ಇದ್ದರೆ ಮಾಯಾ ಸಾಕು. ಕಾಮಿಕ್ಸ್ ಓದುವಾಗ ಪಕ್ಕದಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ಇದ್ದರೆ ಒಳ್ಳೆಯದು.

ಈಗ ಅಮ್ಮ ಆ ಹಗ್ಗದ ಹಾಡನ್ನು ಕನ್ನಡಕ್ಕೆ ತರಬೇಕು ಅಂತ ಹಿಡಿದುಕೊಂಡಿದ್ದಾರೆ. ತಾವು ಚಿಕ್ಕಂದಿನಲ್ಲಿ ಹೇಳುತ್ತಿದ್ದ ಆಟದ ಹಾಡುಗಳ ಲಯ ಹುಡುಕುತ್ತಾರೆ, ಮೊಮ್ಮಗಳು ಹಾರಿ ತೋರಿಸುತ್ತಾಳೆ. ಮೊದಲ ಎರಡು ಸಾಲು ಸಲೀಸಾಗಿ ಬಂದವು. ಕಲ್ಲು ಬೀಳುವ ಸಾಲು ಇನ್ನೂ ಕೂತಿಲ್ಲ.