ಆರು ತಿಂಗಳ ನರ್ಸಿಂಗ್ ಇನ್‌ಫರ್ಮ್ಯಾಟಿಕ್ಸ್ ಆನ್‌ಲೈನ್ ಕೋರ್ಸ್: ಹಾಸನದ ಐಸಿಯು ನರ್ಸ್ ಒಬ್ಬಳ ವಿಮರ್ಶೆ

ಹಾಸನದ ಖಾಸಗಿ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿರುವ ನಾನು, 2025ರ ಜುಲೈ ತಿಂಗಳಲ್ಲಿ ನರ್ಸಿಂಗ್ ಇನ್‌ಫರ್ಮ್ಯಾಟಿಕ್ಸ್, ಅಂದರೆ ಶುಶ್ರೂಷೆಯ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಸರಿಯಾಗಿ ಇಟ್ಟು ಬಳಸುವ ವಿದ್ಯೆಯ ಸರ್ಟಿಫಿಕೇಟ್ ಕೋರ್ಸೊಂದಕ್ಕೆ ಸೇರಿ ಡಿಸೆಂಬರಿನಲ್ಲಿ ಮುಗಿಸಿದೆ. ಕೋರ್ಸ್ ನಡೆಸುವ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥವು ಈಗ ಹಲವು ಬಂದಿವೆ, ಪಾಠಪಟ್ಟಿ ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಒಂದೇ ಅಚ್ಚಿನವು. ಶುಲ್ಕ ನನ್ನ ಒಂದು ತಿಂಗಳ ಸಂಬಳಕ್ಕಿಂತ ತುಸು ಹೆಚ್ಚೇ ಆಯಿತು. ಆ ದುಡ್ಡು ಸಾರ್ಥಕವಾಯಿತೇ ಎಂದು ಜೊತೆಯ ಸಿಸ್ಟರ್‌ಗಳು ಕೇಳುತ್ತಲೇ ಇರುವುದರಿಂದ ಒಂದೇ ಸಲಕ್ಕೆ ಬರೆದಿಡುತ್ತಿದ್ದೇನೆ.

ನಾನು ಸೇರಿದ್ದಕ್ಕೆ ಕಾರಣ ಬಹಳ ಸಾದಾ. ನಮ್ಮ ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಬಂತು. ಕೇಸ್ ಶೀಟ್, ಔಷಧದ ಚಾರ್ಟ್, ರೋಗಿಯ ದೇಹಕ್ಕೆ ಹೋದ, ಹೊರಬಂದ ದ್ರವದ ಲೆಕ್ಕ (ಇನ್‌ಟೇಕ್ ಔಟ್‌ಪುಟ್) ಎಲ್ಲವೂ ಪರದೆಗೆ ಹೋದವು. ಅದನ್ನು ಅಳವಡಿಸಲು ಬಂದಿದ್ದ ಹುಡುಗರು ಜಾಣರೇ ಆಗಿದ್ದರು, ಆದರೆ ಇನ್‌ಫ್ಯೂಷನ್ ಪಂಪಿನಲ್ಲಿ ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್ ಔಷಧ ಓಡುತ್ತಿರುವ ರೋಗಿಯ ರಕ್ತದೊತ್ತಡವನ್ನು ನಾವು ಎಷ್ಟು ನಿಮಿಷಕ್ಕೊಮ್ಮೆ ನೋಡುತ್ತೇವೆ ಎಂಬುದು ಅವರಿಗೆ ತಿಳಿದಿರಲಿಲ್ಲ, ಅದನ್ನು ಅವರಿಗೆ ಹೇಳಿಕೊಡುವ ಭಾಷೆ ನಮಗೂ ಗೊತ್ತಿರಲಿಲ್ಲ. ಗಂಟೆಗೊಂದೇ ದಾಖಲೆಗೆ ಜಾಗ ಬಿಟ್ಟಿದ್ದರು. ಮೊದಲ ತಿಂಗಳಲ್ಲಿ ರಾತ್ರಿ ಪಾಳಿಯವರು ಎಲ್ಲವನ್ನೂ ಮೊದಲು ಕಾಗದದಲ್ಲಿ ಬರೆದು, ಬೆಳಿಗ್ಗೆ ಓವರ್ ಕೊಡುವ, ಅಂದರೆ ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವ ಮುನ್ನ ಕಂಪ್ಯೂಟರಿಗೆ ಇಳಿಸುತ್ತಿದ್ದರು. ಕೆಲಸ ಇಮ್ಮಡಿಯಾಯಿತು, ಪರದೆಯ ಮೇಲಿನ ಸಮಯವೂ ನಿಜವಾದ ಸಮಯವಾಗಿರಲಿಲ್ಲ. ಈ ಎರಡು ಲೋಕಗಳ ನಡುವೆ ನಿಂತು ಮಾತಾಡಬಲ್ಲವರು ಬೇಕೆಂದು ಅನಿಸಿದಾಗ ಕೋರ್ಸಿನ ಜಾಹೀರಾತು ಕಣ್ಣಿಗೆ ಬಿತ್ತು.

ಮೊದಲ ಪಾಠಗಳು ಇತಿಹಾಸ. ಕ್ರಿಮಿಯಾ ಯುದ್ಧದ ಆಸ್ಪತ್ರೆಗಳ ಸಾವುಗಳನ್ನು ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಚಿತ್ರರೂಪದಲ್ಲಿ ಮುಂದಿಟ್ಟು, ಗಾಯಕ್ಕಿಂತ ಸೋಂಕು ಹೆಚ್ಚು ಸೈನಿಕರನ್ನು ಕೊಂದಿತೆಂದು ತೋರಿಸಿದ್ದು, ಅಮೆರಿಕದ ನರ್ಸ್‌ಗಳ ಸಂಘ 1992ರಲ್ಲಿ ಇನ್‌ಫರ್ಮ್ಯಾಟಿಕ್ಸನ್ನು ಪ್ರತ್ಯೇಕ ವಿಶೇಷ ಶಾಖೆಯೆಂದು ಮಾನ್ಯ ಮಾಡಿದ್ದು, ದತ್ತಾಂಶ, ಮಾಹಿತಿ, ಜ್ಞಾನ, ವಿವೇಕ ಎಂಬ ನಾಲ್ಕು ಮೆಟ್ಟಿಲು, ಇವೆಲ್ಲ ಬಂದವು. ನೈಟಿಂಗೇಲ್ ಬಗ್ಗೆ ಕಾಲೇಜಿನಲ್ಲಿ ದೀಪ ಹಿಡಿದ ಮಹಿಳೆಯ ಕಥೆಯನ್ನಷ್ಟೇ ಕೇಳಿದ್ದ ನನಗೆ ಲೆಕ್ಕ ಹಿಡಿದ ಮಹಿಳೆಯ ಪರಿಚಯವಾದದ್ದು ಸಂತೋಷವೇ. ಆದರೂ ಇದಕ್ಕೆ ಮೂರು ವಾರ ಹೆಚ್ಚಾಯಿತು.

ನಿಜವಾದ ಪಾಠ ಶುರುವಾದದ್ದು ದತ್ತಾಂಶದ ಗುಣಮಟ್ಟದ ಘಟಕದಲ್ಲಿ. ಅವರವರ ವಾರ್ಡಿನ ಉಸಿರಾಟದ ದಾಖಲೆಗಳನ್ನು, ರೋಗಿಯ ಗುರುತು ತೆಗೆದು, ಪರೀಕ್ಷಿಸಲು ಹೇಳಿದರು. ನಮ್ಮ ವಾರ್ಡಿನದನ್ನು ತೆಗೆದು ನೋಡಿದರೆ 16, 20, 24 ಎಂಬ ಸಂಖ್ಯೆಗಳೇ ತುಂಬಿಕೊಂಡಿದ್ದವು, 19 ಅಥವಾ 21 ಹುಡುಕಿದರೂ ಸಿಗುವುದು ಕಷ್ಟ. ಪಾಠ ಮಾಡುತ್ತಿದ್ದ ದತ್ತಾಂಶ ತಜ್ಞರು ಇದನ್ನು ನೋಡಿ, ನರ್ಸ್‌ಗಳು ಎಣಿಸದೆಯೇ ಬರೆಯುತ್ತಾರೆ ಎಂದು ತೀರ್ಮಾನಿಸಿಬಿಟ್ಟರು. ಎಣಿಸದೆ ಬರೆಯುವವರು ಇಲ್ಲವೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಇದರ ಮುಖ್ಯ ಕಾರಣ ಬೇರೆ: ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಬರುವುದು ನಾಲ್ಕರ ಮಗ್ಗಿಯೇ ಹೊರತು ಬೇರೇನಲ್ಲ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ ನ್ಯೂಸ್ ಎಂಬ ಮುನ್ನೆಚ್ಚರಿಕೆ ಅಂಕಪದ್ಧತಿಯಲ್ಲಿ ಉಸಿರಾಟ ನಿಮಿಷಕ್ಕೆ 12ರಿಂದ 20 ಇದ್ದರೆ ಸೊನ್ನೆ, 21ರಿಂದ 24 ಇದ್ದರೆ ಎರಡು, 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂರು ಅಂಕ. ಹದಿನೈದು ಸೆಕೆಂಡಿನ ಎಣಿಕೆಯಲ್ಲಿ ಐದು ಉಸಿರು ಸಿಕ್ಕರೆ ಸೊನ್ನೆ, ಆರು ಸಿಕ್ಕರೆ ಒಮ್ಮೆಗೇ ಎರಡು. ನಾಡಿ, ರಕ್ತದೊತ್ತಡ ಮುಂತಾದವುಗಳ ಅಂಕವೂ ಸೇರಿ ಒಟ್ಟು ಐದಾದರೆ ವೈದ್ಯರನ್ನು ತುರ್ತಾಗಿ ಕರೆಯಬೇಕು, ಏಳಾದರೆ ಅದು ತುರ್ತು ಸ್ಥಿತಿ ಎಂಬ ನಿಯಮ ಇರುವಾಗ, ಒಂದು ಉಸಿರಿನ ಎಣಿಕೆಯ ಮೇಲೆ ಕರೆ ಹೋಗುವುದೋ ಬಿಡುವುದೋ ನಿಂತಿರುತ್ತದೆ. ನಾನು ಇದನ್ನು ತರಗತಿಯಲ್ಲಿ ಹೇಳಿದೆ, ತಜ್ಞರು ಮರುಮಾತಿಲ್ಲದೆ ಒಪ್ಪಿಕೊಂಡರು. ಮರುವಾರದಿಂದ ನಮ್ಮ ಐಸಿಯುನಲ್ಲಿ ವೆಂಟಿಲೇಟರಿನಲ್ಲಿಲ್ಲದ ರೋಗಿಗಳಿಗೆ ಪೂರ್ತಿ ಒಂದು ನಿಮಿಷ ಎಣಿಸುವ ಪದ್ಧತಿಯನ್ನು ಇನ್‌ಚಾರ್ಜ್ ಸಿಸ್ಟರ್ ಮತ್ತೆ ತಂದರು. ಕೋರ್ಸಿನ ಈ ಒಂದು ಘಟಕಕ್ಕೇ ಅರ್ಧ ಶುಲ್ಕ ವಸೂಲಾಯಿತೆಂದು ನನ್ನ ಲೆಕ್ಕ.

ಉಳಿದರ್ಧ ವಸೂಲಾದದ್ದು ಅಂತಿಮ ಪ್ರಾಜೆಕ್ಟಿನಲ್ಲಿ. ನಾನು ಸೇರುವ ಹೊತ್ತಿಗೆ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಎಲ್ಲೆಲ್ಲೂ ಹಬ್ಬಿತ್ತು. 2025ರ ಜೂನ್, ಜುಲೈ ದಿನಗಳು ಇಲ್ಲಿದ್ದವರಿಗೆ ಮರೆಯುವಂಥವಲ್ಲ. ಪತ್ರಿಕೆಗಳು ಸಾವುಗಳನ್ನು ಒಂದೊಂದಾಗಿ ಎಣಿಸುತ್ತಿದ್ದವು, ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು, ತಪಾಸಣೆಗೆಂದು ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ನಮ್ಮಲ್ಲೂ ಇಸಿಜಿ ಕೊಠಡಿಯ ಮುಂದೆ ಇಪ್ಪತ್ತರ ಹುಡುಗರು ನಿಂತಿರುತ್ತಿದ್ದರು. ಹಿಂದಿನ ವರ್ಷ ಇದೇ ತಿಂಗಳಲ್ಲಿ ಇಂಥ ರೋಗಿಗಳು ಎಷ್ಟು ಬಂದಿದ್ದರು ಎಂದು ಯಾರಾದರೂ ಕೇಳಿದ್ದರೆ ನಮ್ಮ ತುರ್ತು ವಿಭಾಗದ ಬಳಿ ತಟ್ಟನೆ ಕೊಡಬಲ್ಲ ಉತ್ತರವಿರಲಿಲ್ಲ, ಏಕೆಂದರೆ ಸಾಫ್ಟ್‌ವೇರಿನಲ್ಲಿ ರೋಗಿ ಹೇಳುವ ತೊಂದರೆಯನ್ನು ಆರಿಸುವ ಪಟ್ಟಿ ಇಂಗ್ಲಿಷಿನದು, ಅದರೊಳಗೆ ಎದೆನೋವು ಎಂಬುದೊಂದೇ ಹೃದಯದ ಕಡೆಗೆ ಬೆರಳು ತೋರಿಸುವ ಆಯ್ಕೆ.

ಅರಕಲಗೂಡು ಕಡೆಯಿಂದ ಬಂದಿದ್ದ, ಬಹಳ ವರ್ಷದಿಂದ ಸಕ್ಕರೆ ಕಾಯಿಲೆಯಿದ್ದ ಅಜ್ಜಿಯೊಬ್ಬರನ್ನು ನಾನು ಕೇಳಿದ್ದೆ, ಎದೆ ನೋವಿದೆಯೇ ಎಂದು. “ಎದೆ ನೋವೇನಿಲ್ಲ ಕಣವ್ವ, ಒಂಥರಾ ಸಂಕಟ ಆಯ್ತದೆ, ಮೈಯೆಲ್ಲ ಬೆವರು” ಎಂದರು. ಪಟ್ಟಿಯ ಪ್ರಕಾರ ಅವರು ಹೊಟ್ಟೆಯ ತೊಂದರೆಯ ರೋಗಿ. ನಮ್ಮ ಕಡೆ ಸಂಕಟ ಎಂದರೆ ವಾಕರಿಕೆಯೂ ಹೌದು, ಎದೆಯ ಕೆಳಗಿನ ಉರಿಯೂ ಹೌದು, ಹೇಳಲಾಗದ ಒಂದು ಕಳವಳವೂ ಹೌದು. ಹೃದಯದ ಕೆಳಭಾಗದ ಗೋಡೆಗೆ ರಕ್ತದ ಹರಿವು ನಿಂತಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳಬಹುದು, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆಯೂ ಹೋಗಬಹುದು ಎಂಬುದು ಹಳೆಯ ಸಿಸ್ಟರ್‌ಗಳಿಗೆಲ್ಲ ಗೊತ್ತು. ಎದೆನೋವಿನ ರೋಗಿಗೆ ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬ ನಿಯಮ ನಮ್ಮಲ್ಲಿದೆ, ಆದರೆ ಆ ಗಡಿಯಾರ ಓಡಲು ತೊಡಗುವುದು ಪಟ್ಟಿಯಲ್ಲಿ ಎದೆನೋವು ಒತ್ತಿದಾಗ ಮಾತ್ರ. ಆ ದಿನ ನಾನು ಪಟ್ಟಿಯನ್ನು ಬದಿಗಿಟ್ಟು ಇಸಿಜಿ ತೆಗೆಸಿದೆ, ಕಾಗದದಲ್ಲಿ ಗೆರೆಗಳು ಏರಿದ್ದವು, ಅಂದರೆ ಹೃದಯಾಘಾತದ ಗುರುತು.

ಇದನ್ನೇ ಪ್ರಾಜೆಕ್ಟ್ ಮಾಡಿದೆ. ತುರ್ತು ವಿಭಾಗದ ಹಳೆಯ ಕಾಗದದ ರಿಜಿಸ್ಟರುಗಳಿಂದ ನರ್ಸ್‌ಗಳು ಕನ್ನಡದಲ್ಲೇ ಗುರುತು ಹಾಕಿಕೊಂಡಿದ್ದ ಮಾತುಗಳನ್ನು ಆರಿಸಿದೆ: ಎದೆ ಹಿಡಿದಂತಾಗುವುದು, ಎದೆ ಉರಿ, ಸಂಕಟ, ತೋಳು ಸೆಳೆತ, ಮೇಲುಸಿರು, ಕಣ್ಣು ಕತ್ತಲೆ. ಒಂದೊಂದನ್ನೂ ಸ್ನೋಮೆಡ್ ಸಿಟಿ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಪದಕೋಶದ ಸಂಕೇತಗಳಿಗೆ ಜೋಡಿಸಿದೆ. ಭಾರತ 2014ರಿಂದ ಇದರ ಸದಸ್ಯ ದೇಶವಾದ್ದರಿಂದ ನಮ್ಮ ಆಸ್ಪತ್ರೆಗಳು ಇದನ್ನು ಉಚಿತವಾಗಿ ಬಳಸಬಹುದು, ಕೇಂದ್ರ ಸರ್ಕಾರ 2013ರಲ್ಲಿ ಹೊರಡಿಸಿ 2016ರಲ್ಲಿ ಪರಿಷ್ಕರಿಸಿದ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡದಲ್ಲೂ ಇದಕ್ಕೆ ಜಾಗವಿದೆ. ಸಂಕಟ ಎಂಬ ಒಂದು ಪದಕ್ಕೆ ಒಂದು ಸಂಕೇತ ಸಾಲಲಿಲ್ಲ. ಕೊನೆಗೆ ಸಂಕಟದ ಜೊತೆ ಬೆವರು, ಸಕ್ಕರೆ ಕಾಯಿಲೆ ಅಥವಾ ನಲವತ್ತು ದಾಟಿದ ವಯಸ್ಸು ಇದ್ದರೆ ಇಸಿಜಿಯ ಗಡಿಯಾರ ತಾನಾಗಿಯೇ ಓಡುವಂತೆ ನಿಯಮ ಬರೆದು, ನಮ್ಮ ಹೃದ್ರೋಗ ತಜ್ಞರಿಂದ ಒಪ್ಪಿಗೆ ಪಡೆದೆ. ಸಾಫ್ಟ್‌ವೇರ್ ಕಂಪನಿಯವರು ಅದನ್ನು ಸೇರಿಸಲು ಎರಡು ತಿಂಗಳು ತೆಗೆದುಕೊಂಡರು, ಆದರೆ ಸೇರಿಸಿದರು.

ಇನ್ನು ದೂರುಗಳು. ನೇರ ತರಗತಿಗಳು ಸಂಜೆ ಏಳಕ್ಕೆ ಶುರುವಾಗುತ್ತವೆ, ಅಂದರೆ ಹಗಲು ಪಾಳಿಯವರು ಓವರ್ ಕೊಡುವ, ರಾತ್ರಿ ಪಾಳಿಯವರು ಮನೆಯಿಂದ ಹೊರಡುವ ಹೊತ್ತಿಗೆ. ನರ್ಸ್‌ಗಳಿಗಾಗಿ ಕೋರ್ಸ್ ಮಾಡಿದವರಿಗೆ ನರ್ಸ್‌ಗಳ ಡ್ಯೂಟಿ ಚಾರ್ಟ್ ಗೊತ್ತಿಲ್ಲದಿರುವುದು ಆಶ್ಚರ್ಯ. ಹಾಸನಾಂಬೆಯ ಬಾಗಿಲು ತೆರೆದಿದ್ದ ದಿನಗಳಲ್ಲಿ ಸಾಲಿನಲ್ಲಿ ನಿಂತು ಸುಸ್ತಾದವರು ಬರುತ್ತಲೇ ಇದ್ದುದರಿಂದ ನಾನು ನಾಲ್ಕು ತರಗತಿ ಸತತವಾಗಿ ತಪ್ಪಿಸಿಕೊಂಡೆ. ಧ್ವನಿಮುದ್ರಿಕೆ ಎರಡೇ ವಾರ ಇರುತ್ತದೆಂದು ತಿಳಿಯುವಷ್ಟರಲ್ಲಿ ಮೊದಲೆರಡು ಮಾಯವಾಗಿದ್ದವು. ನನ್ನೊಡನೆ ಕಲಿಯುತ್ತಿದ್ದ ಸಕಲೇಶಪುರದ ಗೆಳತಿಗೆ ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೆ ಹಾಜರಿಯೂ ಹೋಗುತ್ತಿತ್ತು. ಪತ್ರ ಬರೆದರೆ ಯಂತ್ರ ಕಳಿಸಿದಂಥ ಒಂದೇ ಉತ್ತರ ಬರುತ್ತಿತ್ತು.

ಇದಕ್ಕಿಂತ ದೊಡ್ಡ ಕೊರತೆ ವೃತ್ತಿಯ ಬಗೆಗಿನ ಘಟಕದಲ್ಲಿದೆ. ಅಲ್ಲಿ ಮಾತಾಡಿದವರೆಲ್ಲ ವಾರ್ಡನ್ನು ಬಿಟ್ಟು ಬೆಂಗಳೂರಿನ ಕಂಪನಿಗಳಿಗೆ ಹೋದವರು. ರಾತ್ರಿ ಪಾಳಿಯಿಂದ ಬಿಡುಗಡೆ, ಕುರ್ಚಿಯ ಕೆಲಸ, ಶನಿವಾರ ಭಾನುವಾರ ರಜೆ ಎಂಬುದೇ ಇಡೀ ಮಾತಿನ ಧಾಟಿ. ಬೆನ್ನು ನೋಯುವ ಈ ವಯಸ್ಸಿನಲ್ಲಿ ಆ ಆಸೆ ನನಗೂ ಇಲ್ಲದಿಲ್ಲ. ಆದರೆ ಉಸಿರಾಟದ ನಾಲ್ಕರ ಮಗ್ಗಿಯನ್ನಾಗಲಿ ಸಂಕಟವನ್ನಾಗಲಿ ನಾನು ಹಿಡಿದದ್ದು ಆ ವಾರವೂ ರೋಗಿಯನ್ನು ಮುಟ್ಟಿದ್ದರಿಂದ, ಕೋರ್ಸು ಅದಕ್ಕೆ ಭಾಷೆ ಕೊಟ್ಟಿತು ಅಷ್ಟೆ. ಐದು ವರ್ಷ ವಾರ್ಡಿನಿಂದ ದೂರವಿದ್ದವರು ಬರೆದ ಪಟ್ಟಿಗಳು ಹೇಗಿರುತ್ತವೆಂದು ನಾವು ದಿನವೂ ನೋಡುತ್ತಿದ್ದೇವೆ. ವಾರದಲ್ಲಿ ನಾಲ್ಕು ದಿನ ಹಾಸಿಗೆಯ ಪಕ್ಕ, ಎರಡು ದಿನ ದಾಖಲೆಯ ಕೆಲಸ ಎಂಬ ಹಂಚಿಕೆಯ ಹುದ್ದೆಯೂ ಇರಬಹುದು, ಅದನ್ನು ಆಡಳಿತದ ಬಳಿ ಹೇಗೆ ಕೇಳಬೇಕು, ಸಂಬಳವನ್ನು ಯಾವ ಲೆಕ್ಕದಲ್ಲಿ ನಿಗದಿ ಮಾಡಿಸಬೇಕು ಎಂಬುದಕ್ಕೆ ಒಂದು ಗಂಟೆಯನ್ನೂ ಅವರು ಕೊಡಲಿಲ್ಲ. ನಾನೇ ಕೇಳಿಕೊಂಡು ಈ ಹಂಚಿಕೆ ಪಡೆದಿದ್ದೇನೆ. ಹುದ್ದೆಯ ಹೆಸರು ಇನ್ನೂ ಬದಲಾಗಿಲ್ಲ, ಭತ್ಯೆ ಅಲ್ಪ.

ಉನ್ನತ ಶುಶ್ರೂಷೆಯ ಓದಿನ ಜೊತೆ ಇದನ್ನು ಮಾಡಬಹುದೇ ಎಂದು ಕೇಳುವವರಿಗೆ: ಭಾರತೀಯ ನರ್ಸಿಂಗ್ ಪರಿಷತ್ತಿನ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟಿಷನರ್ ಕೋರ್ಸ್ ಎರಡು ವರ್ಷದ್ದು, ರೆಸಿಡೆನ್ಸಿ ಮಾದರಿಯದು, ಬಹುಪಾಲು ಆಸ್ಪತ್ರೆಯಲ್ಲೇ ಕಳೆಯುವಂಥದು. ಅದರ ಜೊತೆಗೆ ಇದನ್ನು ಕಟ್ಟಿಕೊಂಡರೆ ಎರಡೂ ಕೆಡುತ್ತವೆ. ಮೊದಲು ಅದು, ಆಮೇಲೆ ಇದು. ಔಷಧದ ಪ್ರಮಾಣ, ವೆಂಟಿಲೇಟರಿನ ಅಳತೆ, ಸೋಂಕಿನ ಲಕ್ಷಣಗಳ ಬಗ್ಗೆ ಆಳವಾದ ತಿಳುವಳಿಕೆ ಇದ್ದವರು ಬರೆಯುವ ಎಚ್ಚರಿಕೆಯ ನಿಯಮಕ್ಕೂ, ಬರೀ ಸಾಫ್ಟ್‌ವೇರ್ ಕಲಿತವರು ಬರೆಯುವ ನಿಯಮಕ್ಕೂ ಇರುವ ವ್ಯತ್ಯಾಸ ಒಂದು ರಾತ್ರಿ ಪಾಳಿಯಲ್ಲೇ ಗೊತ್ತಾಗುತ್ತದೆ. ಎರಡನೆಯವರ ಯಂತ್ರ ಸುಮ್ಮಸುಮ್ಮನೆ ಕೂಗುತ್ತದೆ, ಮೂರನೆಯ ದಿನಕ್ಕೆ ಯಾರೂ ತಿರುಗಿ ನೋಡುವುದಿಲ್ಲ.

ಹೊಸದಾಗಿ ಬಿ.ಎಸ್ಸಿ. ಮುಗಿಸಿದವರಿಗೆ ಈ ಕೋರ್ಸ್ ಬೇಡವೆನ್ನುತ್ತೇನೆ. 2021ರ ಪರಿಷ್ಕೃತ ಪಠ್ಯಕ್ರಮದಲ್ಲಿ ಆರೋಗ್ಯ ಮತ್ತು ನರ್ಸಿಂಗ್ ಇನ್‌ಫರ್ಮ್ಯಾಟಿಕ್ಸ್ ಪ್ರತ್ಯೇಕ ವಿಷಯವಾಗಿಯೇ ಬಂದಿದೆ, ಇಲ್ಲಿನ ಮೊದಲ ಎರಡು ತಿಂಗಳ ಪಾಠವನ್ನು ಅವರು ಆಗಲೇ ಓದಿರುತ್ತಾರೆ. ಐಸಿಯು, ತುರ್ತು ವಿಭಾಗ ಅಥವಾ ಡಯಾಲಿಸಿಸ್‌ನಲ್ಲಿ ನಾಲ್ಕೈದು ವರ್ಷ ಕಳೆದಿದ್ದು, ಆಸ್ಪತ್ರೆಯಲ್ಲಿ ಸಾಫ್ಟ್‌ವೇರ್ ಬಂದಿದೆ ಅಥವಾ ಬರಲಿದೆ ಎನ್ನುವವರು ಸೇರಬಹುದು. ಸೇರುವ ಮೊದಲೇ ನಿಮ್ಮ ವಾರ್ಡಿನಲ್ಲಿ ನಿಮ್ಮನ್ನು ಕಾಡುವ ಒಂದು ದಾಖಲೆಯನ್ನು ಗುರುತಿಸಿಟ್ಟುಕೊಳ್ಳಿ, ರೋಗಿಗಳ ವಿವರ ಬಳಸಲು ಆಡಳಿತದಿಂದ ಲಿಖಿತ ಅನುಮತಿ ತೆಗೆದುಕೊಳ್ಳಿ. ನನಗೆ ಅನುಮತಿಗೇ ಐದು ವಾರ ಹಿಡಿಯಿತು, ಪ್ರಾಜೆಕ್ಟಿಗೆ ಸಿಕ್ಕಿದ್ದು ಏಳು ವಾರ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ತರಗತಿಗಳನ್ನು ಮಧ್ಯಾಹ್ನ ಮೂರಕ್ಕೋ ರಾತ್ರಿ ಒಂಬತ್ತಕ್ಕೋ ಇಡಿ, ಧ್ವನಿಮುದ್ರಿಕೆಗಳನ್ನು ಕೋರ್ಸ್ ಮುಗಿಯುವವರೆಗೂ ಉಳಿಸಿ, ವಾರ್ಡಿನಲ್ಲೇ ಉಳಿದ ಒಬ್ಬ ನರ್ಸನ್ನಾದರೂ ಮಾತಾಡಲು ಕರೆಯಿರಿ ಎಂದು ಸಂಸ್ಥೆಗೆ ಬರೆದಿದ್ದೇನೆ. ಮುಂದಿನ ತಂಡದ ವೇಳಾಪಟ್ಟಿ ಬಂದಿದೆ, ತರಗತಿ ಈಗಲೂ ಸಂಜೆ ಏಳಕ್ಕೇ.