ಡಿಎಫ್‌ಡಿ ಮೊದಲು ಕಲಿಯೋದಾ, ಯುಎಂಎಲ್ಲಾ?

ಬಿಸಿಎ ಓದುತ್ತಾ, ಚಿಕ್ಕಮಗಳೂರಿನ ಕಾಫಿ ಎಸ್ಟೇಟೊಂದಕ್ಕೆ ಬಟವಾಡೆ (ಕೂಲಿ ಹಂಚುವ) ಸಾಫ್ಟ್‌ವೇರ್ ಮಾಡಲು ಹೊರಟು ಹೀಗೆ ಕೇಳಿದ್ದೀರಿ. ಮಾಹಿತಿ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಅಂತ ಬಾಣ ಹಾಕಿ ತೋರಿಸುವ ಚಿತ್ರ ಡಿಎಫ್‌ಡಿ (ಡೇಟಾ ಫ್ಲೋ ಡಯಾಗ್ರಾಮ್). ಸಾಫ್ಟ್‌ವೇರ್ ವಿನ್ಯಾಸವನ್ನು ಚಿತ್ರಗಳಲ್ಲಿ ಬರೆಯುವ ಪದ್ಧತಿ ಯುಎಂಎಲ್ (ಯೂನಿಫೈಡ್ ಮಾಡೆಲಿಂಗ್ ಲ್ಯಾಂಗ್ವೇಜ್).

ಖರ್ಚಿನ ಚಿಂತೆ ಬೇಡ, ಎರಡಕ್ಕೂ ಪೆನ್ಸಿಲ್ಲು, ಹಾಳೆ ಸಾಕು.

ಬೇಗ ಕೈಗೆ ಹತ್ತುವುದು ಡಿಎಫ್‌ಡಿ. ಇರುವುದೇ ನಾಲ್ಕು ಗುರುತು. ಯುಎಂಎಲ್ 2.5ರಲ್ಲಿ 14 ಬಗೆಯ ಚಿತ್ರಗಳಿವೆ. ಹೆದರಬೇಡಿ, ಯೂಸ್ ಕೇಸ್ (ಯಾರು ಏನು ಮಾಡುತ್ತಾರೆ), ಕ್ಲಾಸ್ (ಏನೇನು ಬಗೆಗಳಿವೆ, ಅವುಗಳ ಸಂಬಂಧವೇನು), ಸೀಕ್ವೆನ್ಸ್ (ಯಾವುದರ ನಂತರ ಯಾವುದು) ಗೊತ್ತಿದ್ದರೆ ಶುರುವಿಗೆ ಸಾಕು.

ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಮುಂದೆ ಕೂತಾಗ ಮಾತ್ರ ಡಿಎಫ್‌ಡಿಯೇ ಚೆನ್ನ. ಸಂಜೆ ಹಣ್ಣು ತೂಗುತ್ತಾರೆ, ಕಿಲೋ ಲೆಕ್ಕ ಚೆಕ್‌ರೋಲ್‌ಗೆ (ಕೆಲಸಗಾರರ ಹಾಜರಿ, ಕೂಲಿ ಪುಸ್ತಕಕ್ಕೆ) ಹೋಗುತ್ತದೆ, ಬಟವಾಡೆಯಲ್ಲಿ ಅಡ್ವಾನ್ಸ್ ಮುರಿದುಕೊಳ್ಳುತ್ತಾರೆ. ಚಿತ್ರ ಬರೆದರೆ ಅಡ್ವಾನ್ಸ್ ಪುಸ್ತಕದಿಂದ ಬಾಣ ಹೊರಗೆ ಬಂದಿರುತ್ತದೆ, ಒಳಗೆ ಹೋಗುವ ಬಾಣವೇ ಇರುವುದಿಲ್ಲ! ಅಡ್ವಾನ್ಸ್ ಬರೆದಿಡುವವರು ಯಾರು ಅಂತ ಆಗ ಕೇಳಬೇಕು. ರೈಟರ್ ತಲೆಯಲ್ಲಷ್ಟೇ ಇರುವ ಲೆಕ್ಕ ಹೊರಬರುವುದು ಹೀಗೇ.

ಆದರೆ ಯಾವುದರ ನಂತರ ಯಾವುದು ಅನ್ನುವುದನ್ನು ಡಿಎಫ್‌ಡಿ ಹೇಳುವುದಿಲ್ಲ. ಅದಕ್ಕೆ ಸೀಕ್ವೆನ್ಸ್ ಚಿತ್ರ ಬೇಕು. ದಿನಗೂಲಿಯವರು, ಕಿಲೋ ಲೆಕ್ಕದವರು ಅಂತ ಎರಡು ಥರ ಕೆಲಸಗಾರರಿದ್ದರೆ ಕ್ಲಾಸ್ ಚಿತ್ರದಿಂದ ನೇರ ಜಾವಾ ಕೋಡಿಗೆ ಇಳಿಯಬಹುದು.

ಎಸ್ಟೇಟ್ ಕೆಲಸವೇ ಮುಖ್ಯವಾದರೆ ಡಿಎಫ್‌ಡಿ, ಜೊತೆಗೆ ಇಆರ್ ಚಿತ್ರ (ಯಾವ ಮಾಹಿತಿಗೂ ಯಾವುದಕ್ಕೂ ಏನು ಸಂಬಂಧ ಅಂತ ತೋರಿಸುವ ಚಿತ್ರ). ಜಾವಾ ಕೆಲಸದ ಮೇಲೆ ಕಣ್ಣಿದ್ದರೆ ಯುಎಂಎಲ್. ಸೆಮಿಸ್ಟರ್ ಪರೀಕ್ಷೆ ಹತ್ತಿರವಿದ್ದರೆ ಸುಮ್ನೆ ಸಿಲೆಬಸ್‌ನಲ್ಲಿರುವುದನ್ನು ಓದಿ.